‘ಹೆಂಗ ಮಾಡಿದಿ, ಹೇಳು’

ಕಳೆದ ಆಗಸ್ಟಿನ ಒಂದು ಸಂಜೆ. ಹೊರಗೆ ಪುಣೆಯ ಜಿಟಿಜಿಟಿ ಮಳೆ. ನಮ್ಮ ಸೊಸೈಟಿಯ ವಾಚ್‌ಮನ್‌ನ ಹೆಂಡತಿ ಮಗಳ ಕೈ ಹಿಡಿದುಕೊಂಡು ಬಾಗಿಲಿಗೆ ಬಂದಳು. ಸೆರಗಿನ ಒಳಗೆ ನೆನೆಯದ ಹಾಗೆ ಹಿಡಿದಿದ್ದ ಒಂದು ಕಾಗದವನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಮಗಳ ಗಣಿತದ ಉತ್ತರಪತ್ರಿಕೆ.

“ಕಾಕಾ, ನೀವ ಒಂದ್ಸಲ ನೋಡ್ರಿ. ಖರೇನ ಈಕಿ ನಕಲ ಹೊಡದಾಳೇನು? ನಾಳಿಗೆ ಸಾಲಿಗಿ ಬರ್ರಿ ಅಂದಾರ. ಇವರ ಅಪ್ಪ ಅಂತೂ ‘ಸಾಲಿ ಬ್ಯಾಡ, ಊರಿಗಿ ಕಳಸ್ತೀನಿ, ಅಜ್ಜಿ ಕಡೆ ಇರ್ಲಿ’ ಅಂತ ಕುಂತಾರ.”

ಹುಡುಗಿ ತಲೆ ಎತ್ತಲಿಲ್ಲ. ಆರನೆಯ ತರಗತಿ, ಮರಾಠಿ ಮಾಧ್ಯಮ. ಇವರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವರು. ಗಂಡ ನಮ್ಮ ಗೇಟು ಕಾಯುತ್ತಾನೆ. ಹೆಂಡತಿ ಬೆಳಗಿನ ಜಾವ ಮಾರ್ಕೆಟ್ ಯಾರ್ಡಿಗೆ ಹೋಗಿ ನಿಂಬೆಹಣ್ಣು, ಕೊತ್ತಂಬರಿ, ಹಸಿಮೆಣಸಿನಕಾಯಿ ತಂದು ರಸ್ತೆಬದಿಯಲ್ಲಿ ಕುಳಿತು ಮಾರುತ್ತಾಳೆ. ಶಾಲೆ ಬಿಟ್ಟ ಮೇಲೆ ಮಗಳೂ ಅಲ್ಲೇ. ಇಂಡಿ ಎಂದರೆ ನಿಂಬೆಹಣ್ಣಿನ ಸೀಮೆ ಎಂದು ನಿಮಗೆ ಗೊತ್ತು. ಸ್ವಂತ ಗಿಡವಿಲ್ಲದವರು ಪುಣೆಗೆ ಬಂದು ಬೇರೆಯವರ ಗಿಡದ ಹಣ್ಣು ಮಾರುತ್ತಿದ್ದಾರೆ.

ನಾನೂ ವಿಜಯಪುರದವನೇ. 1989ರಲ್ಲಿ, ಆಗಿನ ಬಿಜಾಪುರದಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಸ್ವಾರಗೇಟ್‌ನಲ್ಲಿ ಇಳಿದೆ. ಸೋದರಮಾವನ ಚೀಟಿಯ ಬಲದ ಮೇಲೆ ಮಾರ್ಕೆಟ್ ಯಾರ್ಡಿನ ಬೇಳೆಕಾಳಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಅಂಗಡಿಗೆ ಹತ್ತಿರ ಎಂದು ಬಿಬವೇವಾಡಿಯಲ್ಲಿ ಮನೆ ಮಾಡಿದೆ. ಕಿರ್ದಿ, ಖತಾವಣಿ, ಹುಂಡೇಕರಿ, ಹಮಾಲಿ – ಇದರಲ್ಲೇ ಮೂವತ್ತು ವರ್ಷ ಕಳೆದು ಈಗ ನಿವೃತ್ತ. ‘ಲೆಕ್ಕದ ಕಾಕಾ’ ಎಂದು ಹೆಸರಾಗಿದ್ದರಿಂದಲೇ ಆ ತಾಯಿ ನನ್ನ ಬಾಗಿಲಿಗೆ ಬಂದದ್ದು.

ಕನ್ನಡಕ ಹಾಕಿಕೊಂಡು ನೋಡಿದೆ. 20ಕ್ಕೆ 9 ಅಂಕ. ಮೂರು ಅಂಕದ ಮೂರು ಲೆಕ್ಕಗಳಿಗೆ ಸೊನ್ನೆ. ಮೊದಲನೆಯದು: ಮೀಟರಿಗೆ 96 ರೂಪಾಯಿಯ ಬಟ್ಟೆ, 1.75 ಮೀಟರಿಗೆ ಎಷ್ಟು? ಹುಡುಗಿ ಬರೆದದ್ದು 168, ಅಷ್ಟೇ. ಎರಡನೆಯದು: ಒಂದು ಪೆಟ್ಟಿಗೆಯಲ್ಲಿ 59 ಪೆನ್ಸಿಲ್, 14 ಪೆಟ್ಟಿಗೆಯಲ್ಲಿ ಎಷ್ಟು? 826. ಮೂರನೆಯದು: ಸಾವಿರದಲ್ಲಿ 637 ಕಳೆದರೆ? 363. ಮೂರೂ ಉತ್ತರ ಸರಿ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮೂರು ಸಲ ಒಂದೇ ಪ್ರಶ್ನೆ: “ರೀತ್ ಕುಠೇ?” ಎಂದರೆ, ಮಾಡಿದ ವಿಧಾನ ಎಲ್ಲಿ? ಕೊನೆಗೆ, ಪಾಲಕರನ್ನು ಕರೆತರಬೇಕು ಎಂಬ ಸೂಚನೆ. ಪಕ್ಕದ ಬೆಂಚಿನಲ್ಲಿ ಕೂರುವುದು ಮೊದಲ ನಂಬರಿನ ಹುಡುಗಿಯಂತೆ. ಸಂಶಯ ಬಂದದ್ದು ಅಲ್ಲಿಂದ.

ನಿಜ ಹೇಳಬೇಕೆಂದರೆ ನನಗೂ ಸಂಶಯ ಬಂತು. ಒಂದು ಗೆರೆ ಕಚ್ಚಾ ಲೆಕ್ಕವಿಲ್ಲದೆ ಆರನೆಯ ತರಗತಿಯ ಮಗು 96ನ್ನು 1.75ರಿಂದ ಗುಣಿಸುವುದೆಂದರೇನು? ಹಾಗಾಗಿ ನಾನೂ ಪೊಲೀಸರ ಹಾಗೆ ವಿಚಾರಣೆಗೆ ಕುಳಿತೆ.

“ಇದನ್ನ ಹೆಂಗ ಮಾಡಿದಿ, ಹೇಳು.”

ಸುಮ್ಮನಿದ್ದಳು. ತಾಯಿ ತಿವಿದಳು. ಆಮೇಲೆ ಸಣ್ಣ ದನಿಯಲ್ಲಿ, “ಪಾವಣೇದೋನ್ ಐತ್ರಿ ಕಾಕಾ. ಎರಡಕ್ಕ ನೂರಾ ತೊಂಬತ್ತೆರಡು. ಪಾವ್ ತಗದ್ರ ಇಪ್ಪತ್ನಾಕ ಹೋತು. ನೂರಾ ಅರವತ್ತೆಂಟು” ಎಂದಳು.

ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಮರಾಠಿ ಬಲ್ಲವರಿಗೆ ಇದು ತಕ್ಷಣ ಹೊಳೆಯುತ್ತದೆ. ನಾವು ಕನ್ನಡದಲ್ಲಿ 1.75ನ್ನು ‘ಒಂದೂ ಮುಕ್ಕಾಲು’ ಎನ್ನುತ್ತೇವೆ, ಒಂದರ ಮೇಲೆ ಮುಕ್ಕಾಲು. ಮರಾಠಿಯಲ್ಲಿ ಅದು ‘ಪಾವಣೇದೋನ್’, ಎರಡಕ್ಕೆ ಕಾಲು ಕಡಿಮೆ. ಒಂದೇ ಸಂಖ್ಯೆ, ನಾವು ಕೆಳಗಿನಿಂದ ಹತ್ತಿ ಮುಟ್ಟುತ್ತೇವೆ, ಅವರು ಮೇಲಿನಿಂದ ಇಳಿದು ಮುಟ್ಟುತ್ತಾರೆ. ಬೀದಿಯಲ್ಲಿ ದಿನವೂ ಪಾವ್, ಅರ್ಧ, ಪಾವಣೇದೋನ್ ತೂಗಿಸಿಕೊಳ್ಳುವ ಗಿರಾಕಿಗಳ ನಡುವೆ ಕೂರುವ ಈ ಮಗುವಿಗೆ ದಶಮಾಂಶದ ಚುಕ್ಕೆ ಕಾಣಲೇ ಇಲ್ಲ. ಕಂಡದ್ದು ಎರಡಕ್ಕೆ ಕಾಲು ಕಡಿಮೆ ಇರುವ ಬಟ್ಟೆ.

“ಮತ್ತ ಐವತ್ತೊಂಬತ್ತು ಹದಿನಾಕಲೆ?”

“ಏಕೋಣಸಾಠ ಅಂದ್ರ ಅರವತ್ತಕ್ಕ ಒಂದ ಕಮ್ಮಿ ಅಲ್ರಿ? ಅರವತ್ತು ಹದಿನಾಕಲೆ ಎಂಟುನೂರಾ ನಲವತ್ತು. ಒಂದೊಂದರಾಗ ಒಂದೊಂದ ಕಮ್ಮಿ, ಹದಿನಾಕ ಹೋತು.”

“ಸಾವಿರದಾಗ ಆರ್‌ನೂರಾ ಮೂವತ್ತೇಳು?”

ಇಲ್ಲಿ ಆಕೆ ಮರಾಠಿ ಬಿಟ್ಟು ಪೂರ್ತಿ ಕನ್ನಡಕ್ಕೆ ಬಂದಳು. “ಇದ ಚಿಲ್ಲರೆ ಕೊಟ್ಟಂಗ್ರಿ. ಮೂವತ್ತೇಳಕ್ಕ ಮೂರ ಹಾಕಿದ್ರ ನಲವತ್ತು. ಅರವತ್ತ ಹಾಕಿದ್ರ ಏಳ್‌ನೂರು. ಮತ್ತ ಮೂನ್ನೂರು. ಮೂನ್ನೂರಾ ಅರವತ್ಮೂರು.” ಮರಾಠಿಯಲ್ಲಿ ಯಾಕೆ ಮಾಡಲಿಲ್ಲ ಎಂದೆ. “ಸದತೀಸ ಅಂದ್ರ ಮೊದಲ ಏಳ ಕೇಳಸ್ತೈತ್ರಿ, ಆಮ್ಯಾಲೆ ಮೂವತ್ತು. ಸಣ್ಣಾಕಿ ಇದ್ದಾಗ ಎಪ್ಪತ್ಮೂರ ಬರದ ಬೈಸ್ಕೊಂತಿದ್ದೆ. ಕನ್ನಡದಾಗ ಹೇಳಕೊಂಡ್ರ ಸೀದಾ ಬರ್ತೈತಿ.”

ಇನ್ನೂ ನಾಲ್ಕು ಲೆಕ್ಕ ಕೊಟ್ಟೆ. 69 ಹದಿನೈದಲೆ? 1035. ಕಿಲೋಗೆ 48ರಂತೆ ಎರಡೂ ಮುಕ್ಕಾಲು ಕಿಲೋ? 132. ನಾನು ಕಾಗದದ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ. ನಕಲು ಎಲ್ಲಿಂದ ಬಂತು? “ನಿನ್ನ ಮಗಳು ನಕಲ ಹೊಡದಿಲ್ಲವಾ. ನಾಳೆ ನಾನೂ ಸಾಲಿಗಿ ಬರ್ತೀನಿ” ಎಂದೆ.

ಅವರು ಹೋದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಆ ಹುಡುಗಿಯಲ್ಲ, ನನ್ನ ಮಗ.

1997ರಲ್ಲಿ ಅವನು ಇಂಗ್ಲಿಷ್ ಮಾಧ್ಯಮದ ನಾಲ್ಕನೆಯ ತರಗತಿಯಲ್ಲಿದ್ದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮೂರು ಭಾಷೆಯಲ್ಲಿ ಮಗು ಗೊಂದಲವಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಲೆಕ್ಕವನ್ನಾದರೂ ಇಂಗ್ಲಿಷಿನಲ್ಲೇ ಹೇಳಬೇಕು ಎಂದು ಕಟ್ಟಪ್ಪಣೆ ಮಾಡಿದ್ದೆ. ಒಂದು ಸಂಜೆ ಅವನು 98ಕ್ಕೆ 57 ಕೂಡಿಸುತ್ತಿದ್ದ. ದಶಕ ತೆಗೆದುಕೊಳ್ಳದೆ ಸುಮ್ಮನೆ 155 ಎಂದು ಬರೆದ. ಹೇಗೆ ಎಂದರೆ, “ಐವತ್ತೇಳರಾಗಿಂದ ಎರಡ ತಗೊಂಡು ಇದಕ್ಕ ಕೊಟ್ಟೆ, ನೂರಾ ಐವತ್ತೈದು ಆತು” ಎಂದು ನಕ್ಕ. ನಾನು ರಬ್ಬರಿನಿಂದ ಅದನ್ನು ಅಳಿಸಿ, “ಪುಸ್ತಕದಾಗ ಹೆಂಗೈತೋ ಹಂಗ ಮಾಡು” ಎಂದು ಗದರಿದೆ.

ಇದರಲ್ಲಿ ದೊಡ್ಡ ತಮಾಷೆ ಏನೆಂದರೆ, ಅದೇ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಅಂಗಡಿಯಲ್ಲಿ ನಾನು ಮಾಡಿದ್ದು ಅದನ್ನೇ. ಅಡತಿ ಅಂಗಡಿಯಲ್ಲಿ ಯಾರೂ ಕೈಯಲ್ಲಿ ಒಂದು ಹಿಡಿದುಕೊಂಡು ಕೂಡಿಸುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಮುನೀಮರಿಗೆ ಪಾವಕಿ, ನಿಮಕಿ, ದಿಡಕಿ ಎಂಬ ಹಳೆಯ ಮಗ್ಗಿಗಳು ಬಾಯಿಪಾಠ – ಕಾಲರ ಮಗ್ಗಿ, ಅರ್ಧದ ಮಗ್ಗಿ, ಒಂದೂವರೆಯ ಮಗ್ಗಿ. 98 ಬಂದರೆ ನೂರು ಮಾಡಿ ಎರಡು ತೆಗೆ, ಇದು ಅವರ ಮೊದಲ ಪಾಠ. ಅಂಗಡಿಯಲ್ಲಿ ಜಾಣತನ ಎನಿಸಿಕೊಂಡದ್ದು ಮನೆಗೆ ಬಂದ ಕೂಡಲೇ ನನಗೆ ತಪ್ಪಾಗಿ ಕಂಡಿತು.

ಆ ಸಂಜೆಯ ನಂತರ ಮಗ ಯಾವ ಲೆಕ್ಕ ತಂದರೂ ಮೊದಲು ಕೇಳುತ್ತಿದ್ದ ಪ್ರಶ್ನೆ: “ಅಪ್ಪಾ, ಇದನ್ನ ಯಾವ ರೀತಿಯಿಂದ ಮಾಡಬೇಕು?” ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ಈಗ ಅವನು ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಈ ಹುಡುಗಿಯ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗ ಲೆಕ್ಕ ಬರ್ತಿತ್ತಪ್ಪಾ. ಆದ್ರ ಪ್ರತಿ ಸಲ ಇದಕ್ಕ ಯಾವ ಫಾರ್ಮುಲಾ ಅಂತನ ಹುಡಕತಿದ್ದೆ. ಸ್ವಂತ ಮಾಡಬಹುದು ಅಂತ ಅನಿಸಲೇ ಇಲ್ಲ” ಎಂದ. ದೂರಿನ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ಹೆಚ್ಚು ತಾಗಿತು.

ಮರುದಿನ ಶಾಲೆಗೆ ಹೋದೆವು. ಟೀಚರ್ ಬಾಯಿಯವರನ್ನು ನಾನು ಜಗಳಕ್ಕೆ ಸಿದ್ಧವಾಗಿ ಹೋಗಿ ನೋಡಿದೆ. ಆದರೆ ಅವರು ಕೆಟ್ಟವರಲ್ಲ, ದಣಿದವರು. ತುಂಬಿದ ತರಗತಿ, ಮೇಜಿನ ಮೇಲೆ ಉತ್ತರಪತ್ರಿಕೆಗಳ ಗುಡ್ಡೆ. ನನ್ನ ಮಾತು ಕೇಳಿ ಹುಡುಗಿಯನ್ನು ಹತ್ತಿರ ಕರೆದು, 79ನ್ನು ಆರರಿಂದ ಗುಣಿಸು ಎಂದರು. ಹುಡುಗಿ ಮರಾಠಿಯಲ್ಲೇ, “ಐಂಶೀ ಸಕ್ ಚಾರ್‌ಶೇ ಐಂಶೀ, ತ್ಯಾತೂನ ಸಹಾ ಗೇಲೇ, ಚಾರ್‌ಶೇ ಚೌರ್‍ಯಾಹತ್ತರ” ಎಂದಳು. ಟೀಚರ್ ಬಾಯಿಯವರ ಮುಖದಲ್ಲಿ ನಗು ಬಂತು. ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ನಕಲು ಎಂಬ ಮಾತನ್ನು ತಾಯಿಯ ಎದುರಿಗೇ ಹಿಂದಕ್ಕೆ ತೆಗೆದುಕೊಂಡರು.

ಅಂಕ ಮಾತ್ರ ಬದಲಿಸಲಿಲ್ಲ. ಅವರು ಹೇಳಿದ ಕಾರಣವನ್ನು ನಾನು ಅಲ್ಲಗಳೆಯಲಾರೆ. “ಕಾಕಾ, ಇವತ್ತು ನಾನು ಇವಳನ್ನು ಕರೆದು ಕೇಳಬಹುದು. ನಾಳೆ ಸ್ಕಾಲರ್‌ಶಿಪ್ಪು, ಹತ್ತನೆಯ ತರಗತಿ ಅಂದರೆ ಪೇಪರು ನೋಡುವವರು ಇವಳ ತಲೆಯೊಳಗೆ ಇಣುಕಿ ನೋಡುವುದಿಲ್ಲ. ತಲೆಯಲ್ಲಿ ಮಾಡಿದ್ದನ್ನು ಕಾಗದಕ್ಕೆ ತರುವುದನ್ನು ಯಾರಾದರೂ ಕಲಿಸಿ” ಎಂದರು. ಪುಸ್ತಕದ ರೀತಿಯನ್ನೇ ಕಲಿಸಿ ಎನ್ನಲಿಲ್ಲ. ಅವಳದನ್ನು ಕಾಗದಕ್ಕೆ ತನ್ನಿ ಎಂದರು. ಆ ವ್ಯತ್ಯಾಸ ನನಗೆ ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು.

ಇದು ನಮ್ಮ ಒಂದು ಗೇಟಿನ ಕಥೆಯಲ್ಲ. 1980ರ ದಶಕದಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳನ್ನು ಸಂಶೋಧಕರು ಮಾತಾಡಿಸಿದ್ದರು. ಗಿರಾಕಿಯಾಗಿ ಕೇಳಿದರೆ ಸರಿಯಾಗಿ ಹೇಳುವ ಲೆಕ್ಕವನ್ನೇ ಕಾಗದದ ಮೇಲೆ ಬರೆದುಕೊಟ್ಟರೆ ಅದೇ ಮಕ್ಕಳು ತಪ್ಪುತ್ತಿದ್ದರು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ಹೇಳಿತು. ಅದರ ಇನ್ನೊಂದು ಅರ್ಧ ನನಗೆ ಹೆಚ್ಚು ಮುಖ್ಯ ಎನಿಸಿತು: ಮಾರುಕಟ್ಟೆ ಕಾಣದ ಶಾಲಾಮಕ್ಕಳು ಪುಸ್ತಕದ ಲೆಕ್ಕ ಚೆನ್ನಾಗಿ ಮಾಡುತ್ತಿದ್ದರು, ಆದರೆ ಸಂತೆಯ ಲೆಕ್ಕದಲ್ಲಿ ಸೋಲುತ್ತಿದ್ದರು. ಅಂದರೆ ಎರಡೂ ಕಡೆಯ ಮಕ್ಕಳಿಗೆ ಅರ್ಧ ಅರ್ಧ ಬರುತ್ತದೆ. ನಡುವಿನ ಬಾಗಿಲು ಮುಚ್ಚಿದೆ.

ಆ ಬಾಗಿಲಿನ ಒಂದು ಚಿಲಕ ಭಾಷೆ. 2019ರ ಜೂನ್‌ನಲ್ಲಿ ಮಹಾರಾಷ್ಟ್ರದಲ್ಲಿ ಎದ್ದ ಗದ್ದಲ ಪುಣೆ–ಮುಂಬೈಯ ಓದುಗರಿಗೆ ನೆನಪಿರಬಹುದು. ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ಬಾವೀಸ’ ಜತೆಗೆ ‘ವೀಸ ದೋನ್’ ಎಂದೂ ಓದಬಹುದು ಎಂದು ತೋರಿಸಿದ್ದರು. ಮರಾಠಿ ಹಾಳಾಯಿತು ಎಂದು ಕೂಗು ಎದ್ದು ಮಾತು ವಿಧಾನಮಂಡಲದವರೆಗೂ ಹೋಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ಶಾಂತವಾಗಿ ವಿವರಿಸುತ್ತಿದ್ದರು: ಬಾಯಲ್ಲಿ ತಿರುಗದ ಸಂಖ್ಯಾಪದಗಳಿಗೆ ಹೆದರಿ ಸಣ್ಣ ಮಕ್ಕಳು ಗಣಿತಕ್ಕೇ ಹೆದರುತ್ತಾರೆ. ಆಗ ನಾವು ನಾಲ್ಕು ಜನ ಕನ್ನಡಿಗರು ಕಟ್ಟೆಯ ಮೇಲೆ ಕುಳಿತು ‘ನಮ್ಮ ಇಪ್ಪತ್ತೆರಡು ನೋಡ್ರಿ, ಇಪ್ಪತ್ತರ ಮುಂದ ಎರಡು, ಎಷ್ಟ ಸರಳ’ ಎಂದು ಬೀಗಿದ್ದೆವು. ಆದರೆ ಈ ಹುಡುಗಿ ನನ್ನ ಆ ಹೆಮ್ಮೆಯನ್ನೂ ಸ್ವಲ್ಪ ಇಳಿಸಿದಳು. ಕನ್ನಡದ ಐವತ್ತೊಂಬತ್ತು ಐವತ್ತರ ಕಡೆಗೆ ಮುಖ ಮಾಡಿ ನಿಂತಿದೆ. ಅರವತ್ತು ಪಕ್ಕದಲ್ಲೇ ಇದೆ ಎಂದು ಅದು ಹೇಳುವುದಿಲ್ಲ. ಏಕೋಣಸಾಠ ಹೇಳುತ್ತದೆ. ನಮ್ಮ ‘ಒಂಬತ್ತು’ ಪದದೊಳಗೂ ‘ಹತ್ತಕ್ಕೆ ಒಂದು ಕಡಿಮೆ’ ಎಂಬ ಅರ್ಥ ಅಡಗಿದೆ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರಾದರೂ ಬಳಕೆಯಲ್ಲಿ ಅದು ನಮಗೆ ಕೇಳಿಸುವುದಿಲ್ಲ.

ಎರಡು ಭಾಷೆಯ ಮಗು ಗೊಂದಲಗೊಳ್ಳುತ್ತದೆ ಎಂದು ನಾವು ಹೆದರುತ್ತೇವೆ. ಈ ಮಗು ಎರಡು ಭಾಷೆಯಿಂದ ಒಂದೇ ಸಂಖ್ಯೆಗೆ ಎರಡು ಮುಖ ಕಂಡುಕೊಂಡಿತ್ತು, ಯಾವ ಲೆಕ್ಕಕ್ಕೆ ಯಾವ ಮುಖ ಹೊಂದುತ್ತದೆ ಎಂದು ತಾನೇ ಆರಿಸುತ್ತಿತ್ತು. ಗಣಿತದಲ್ಲಿ ಸೃಜನಶೀಲತೆ ಎಂದು ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರಲ್ಲ, ನನಗೆ ತಿಳಿದ ಮಟ್ಟಿಗೆ ಅದು ಇಷ್ಟೇ: ಒಂದನ್ನು ಎರಡು ರೀತಿ ನೋಡಲು ಬರುವುದು.

ಅಂದಿನಿಂದ ಭಾನುವಾರ ಮಧ್ಯಾಹ್ನ ಹುಡುಗಿ ನಮ್ಮ ಮನೆಗೆ ಬರತೊಡಗಿದಳು. ಮೊದಲು ಬರೆಯುವ ಪಾಠ. “ಗೊತ್ತಿದ್ದದ್ದನ್ನ ಯಾಕ ಬರೀಬೇಕ್ರಿ ಕಾಕಾ?” ಎಂದು ಹಟ ಹಿಡಿದಳು. ನಾನು ನನ್ನ ಹಳೆಯ ಕಿರ್ದಿ ಪುಸ್ತಕ ತೆಗೆದು ತೋರಿಸಿದೆ. ನಮ್ಮ ಸೇಠಜಿಗೆ ಊರಿನ ಅರ್ಧ ವ್ಯವಹಾರ ತಲೆಯಲ್ಲೇ ಇತ್ತು. ಆದರೂ ದಿನವೂ ಬರೆಸುತ್ತಿದ್ದರು. ತಮಗಾಗಿ ಅಲ್ಲ, ನಾಳೆ ಪುಸ್ತಕ ತೆರೆಯುವ ಇನ್ನೊಬ್ಬರಿಗಾಗಿ. ಇದು ಅವಳಿಗೆ ಒಪ್ಪಿಗೆಯಾಯಿತು. ಬಟ್ಟೆಯ ಲೆಕ್ಕವನ್ನು ಮೂರು ಗೆರೆಯಲ್ಲಿ ಬರೆದಳು:

2 ಮೀಟರಿಗೆ: 96 × 2 = 192
ಕಾಲು ಮೀಟರಿಗೆ: 96 ÷ 4 = 24
1.75 ಮೀಟರಿಗೆ: 192 − 24 = 168

ಇದಕ್ಕೆ ಯಾವ ಪರೀಕ್ಷಕರು ‘ರೀತ್ ಕುಠೇ’ ಎನ್ನುತ್ತಾರೆ? ರೀತಿ ಅವಳದೇ, ಕಾಗದದ ಮೇಲೆ ಇದೆ.

ನಾಲ್ಕನೆಯ ಭಾನುವಾರ ಒಂದು ಎಡವಟ್ಟಾಯಿತು. 48ನ್ನು 52ರಿಂದ ಗುಣಿಸು ಎಂದಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ “ಎರಡ ಸಾವಿರದ ಐನೂರು” ಎಂದಳು. ಇದರಿಂದ ಎರಡು ತೆಗೆದು ಅದಕ್ಕೆ ಹಾಕಿದೆ, ಐವತ್ತು ಐವತ್ತಲೆ. ನನ್ನ ಮಗ 98ಕ್ಕೆ ಮಾಡಿದ್ದ ಅದೇ ಕೈಚಳಕ. ಆದರೆ ಅವನು ಕೂಡಿಸುತ್ತಿದ್ದ, ಇವಳು ಗುಣಿಸುತ್ತಿದ್ದಳು. ಸರಿಯುತ್ತರ 2496. ನಾಲ್ಕು ಕಡಿಮೆ.

ರಬ್ಬರು ಪಕ್ಕದಲ್ಲೇ ಇತ್ತು. ಈ ಸಲ ನಾನು ಮುಟ್ಟಲಿಲ್ಲ. “ನಿನ್ನ ಉತ್ತರ ನಾಕ ಹೆಚ್ಚಾಗೈತಿ. ಆ ನಾಕ ಎಲ್ಲಿಂದ ಬಂತು, ಹುಡಕೋಣ” ಎಂದೆ. ನನಗೂ ಬೀಜಗಣಿತದ ಸೂತ್ರ ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ. ಆರನೆಯ ತರಗತಿಗೆ ಆ ಸೂತ್ರ ಇನ್ನೂ ಬಂದಿಲ್ಲ. ಅವಳೇ 49 ಮತ್ತು 51 ಮಾಡಿ ನೋಡಿದಳು: 2499. ಒಂದು ಕಡಿಮೆ. 47 ಮತ್ತು 53: 2491. ಒಂಬತ್ತು ಕಡಿಮೆ. ಒಂದು, ನಾಲ್ಕು, ಒಂಬತ್ತು ಎಂದು ಮೂರು ಸಲ ಗೊಣಗಿಕೊಂಡು ಎದ್ದು ಹೋದಳು. ಬೇಸರವಾಯಿತೇನೋ ಎಂದುಕೊಂಡೆ. ಐದು ನಿಮಿಷಕ್ಕೆ ತಾಯಿಯ ಬುಟ್ಟಿಯಿಂದ ಉಡಿಯ ತುಂಬ ನಿಂಬೆಹಣ್ಣು ತಂದು ಹಾಲ್‌ನ ನೆಲದ ಮೇಲೆ ಸುರಿದಳು.

ಐದೈದರ ಐದು ಸಾಲು ಜೋಡಿಸಿದಳು, 25. “ಐದ ಐದಲೆ ಬದಲಿ ನಾಕ ಆರಲೆ ಮಾಡ್ತೀನಿ” ಎಂದು ಕೆಳಗಿನ ಒಂದು ಸಾಲು ಪೂರ್ತಿ ತೆಗೆದಳು. ಕೈಯಲ್ಲಿ ಐದು ಹಣ್ಣು. ಉಳಿದ ನಾಲ್ಕು ಸಾಲಿನ ತುದಿಗೆ ಒಂದೊಂದು ಇಟ್ಟಳು. ನಾಲ್ಕು ಸಾಲು, ಒಂದೊಂದರಲ್ಲಿ ಆರು. ಕೈಯಲ್ಲಿ ಒಂದು ಹಣ್ಣು ಉಳಿಯಿತು.

ಅದನ್ನು ಎತ್ತಿ ಹಿಡಿದು ನನ್ನ ಕಡೆ ನೋಡಿದಳು. “ಕಾಕಾ, ಇದ ನೋಡ್ರಿ ಆ ಒಂದು! ಇದಕ್ಕ ಜಾಗಾನ ಇಲ್ಲ!”

ಮತ್ತೆ ಎರಡು ಸಾಲು ತೆಗೆದು ಮೂರು ಏಳಲೆ ಮಾಡಿದಳು. ಕೈಯಲ್ಲಿ ಹತ್ತು, ಇಟ್ಟದ್ದು ಆರು, ಉಳಿದದ್ದು ನಾಲ್ಕು. ಆ ನಾಲ್ಕನ್ನು ಪಕ್ಕದಲ್ಲಿ ಎರಡೆರಡಾಗಿ ಜೋಡಿಸಿದಳು. ಒಂದು ಸಣ್ಣ ಚೌಕ. “ಎರಡ ಸರದ್ರ ಎರಡ ಎರಡಲೆ ಉಳೀತಾವು. ಮೂರ ಸರದ್ರ ಮೂರ ಮೂರಲೆ. ನಲವತ್ತಾರು ಐವತ್ನಾಕಲೆ ಅಂದ್ರ ಹದಿನಾರ ಕಮ್ಮಿ, ಎರಡ ಸಾವಿರದ ನಾನೂರಾ ಎಂಬತ್ನಾಕು. ಹೌದಿಲ್ಲ ನೋಡ್ರಿ!” ನಾನು ಕಾಗದದ ಮೇಲೆ ಗುಣಿಸಿದೆ. 2484. ಹೌದು.

ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸೂತ್ರ ಇದೇ. ಪರೀಕ್ಷೆಯಲ್ಲಿ ಅಂಕ ತೆಗೆದುಕೊಂಡಿದ್ದೆ. ಕಳೆಯುವ ಆ ಸಣ್ಣ ಚೌಕ ಎಲ್ಲಿರುತ್ತದೆ ಎಂದು ಕಣ್ಣಿಂದ ನೋಡಿದ್ದು ಮಾತ್ರ ಅರವತ್ತು ದಾಟಿದ ಮೇಲೆ, ಒಂದು ಮಗುವಿನ ತಪ್ಪು ಉತ್ತರದಿಂದ.

ಸ್ವಂತ ರೀತಿ ಎಂದ ಮಾತ್ರಕ್ಕೆ ಎಲ್ಲವೂ ಸರಿಯಲ್ಲ ಎಂಬುದನ್ನೂ ಆ ನಿಂಬೆಹಣ್ಣುಗಳೇ ಹೇಳಿದವು. ಕೂಡಿಸುವಾಗ ನಡೆಯುವ ಉಪಾಯ ಗುಣಿಸುವಾಗ ನಡೆಯಲಿಲ್ಲ. ‘ಇದು ಯಾವಾಗಲೂ ಬರ್ತೈತೇನು?’ ಎಂದು ಕೇಳಿಕೊಳ್ಳಲೇಬೇಕು. ಆದರೆ ಆ ಪ್ರಶ್ನೆ ಕೇಳಲು ಮೊದಲು ಮಗುವಿನ ಕೈಯಲ್ಲಿ ತನ್ನದೇ ಆದ ಒಂದು ಉಪಾಯ ಇರಬೇಕಲ್ಲ. ನನ್ನ ಮಗನ ಕೈಯಿಂದ ನಾನು ಕಸಿದುಕೊಂಡದ್ದು ಅದನ್ನೇ.

ಈಗ ನಾವಿಬ್ಬರೂ ಭಾನುವಾರ ಸಂಖ್ಯೆಗಳ ಜತೆ ಸುಮ್ಮನೆ ಆಡುತ್ತೇವೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ದಶಕಗಳ ಕಾಲ ಶಾಲಾ ಮಾಸ್ತರರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಅವರ ಆಟವನ್ನು ಅವಳಿಗೆ ಹೇಳಿಕೊಟ್ಟೆ. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದವರು. ಎಲ್ಲವೂ ಒಂದೇ ಅಂಕಿಯಾಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಅದರಿಂದ ಏರಿಕೆಯ ಜೋಡಣೆಯನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲಕ್ಕೆ 6174 ಬಂದು ನಿಲ್ಲುತ್ತದೆ. ಹುಡುಗಿ ನಮ್ಮ ಬಿಬವೇವಾಡಿಯ ಪಿನ್‌ಕೋಡ್ 411037ರ ಕೊನೆಯ ನಾಲ್ಕು ಅಂಕಿ ಆರಿಸಿಕೊಂಡಳು. 7310ರಲ್ಲಿ 0137 ಹೋದರೆ 7173. ಆಮೇಲೆ 6354, 3087, 8352. ಐದನೆಯ ಸಲಕ್ಕೆ 6174. “ನಮ್ಮ ಬಿಬವೇವಾಡಿನೂ ಬಂತ್ರಿ!” ಎಂದು ಕುಣಿದಳು. ಸ್ನಾತಕೋತ್ತರ ಪದವಿ ಇಲ್ಲದ ಒಬ್ಬ ಮಾಸ್ತರರು 1949ರಲ್ಲಿ ಕಂಡ ಈ ಸಂಖ್ಯೆಗೆ ಇಂದು ಲೋಕವೆಲ್ಲ ಅವರ ಹೆಸರನ್ನೇ ಹೇಳುತ್ತದೆ.

ನಮ್ಮ ಕಡೆಯ ಒಬ್ಬರ ಕಥೆಯೂ ಬೇಕಲ್ಲ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ, ಹಾರದಂತಹ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಒಂದು, 139ನ್ನು 109ರಿಂದ ಗುಣಿಸುವುದು. ಹುಡುಗಿಗೆ ಕೊಟ್ಟೆ. “ನೂರಾ ಒಂಬತ್ತು ಅಂದ್ರ ನೂರಾ ಹತ್ತಕ್ಕ ಒಂದ ಕಮ್ಮಿ” ಎಂದು ಶುರು ಮಾಡಿದಳು. 139ಕ್ಕೆ 110ರಿಂದ 15290, ಅದರಲ್ಲಿ 139 ಹೋದರೆ 15151. ಹಾರ ಸಿಕ್ಕಿತು. ಮರಾಠಿಯ ಏಕೋಣಸಾಠದಿಂದ ಕಲಿತ ಉಪಾಯವನ್ನು ಆಕೆ ಕನ್ನಡದ ನೂರಾ ಒಂಬತ್ತಕ್ಕೂ ಹಚ್ಚಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅವಳನ್ನು ಊರಿಗೆ ಕಳಿಸುವ ಮಾತು ಸದ್ಯಕ್ಕೆ ನಿಂತಿದೆ. ದೀಪಾವಳಿಯ ಮುಂದಿನ ಪರೀಕ್ಷೆಯಲ್ಲಿ ಗಣಿತದಲ್ಲಿ ಮೊದಲ ನಂಬರು ಏನೂ ಬರಲಿಲ್ಲ. ಭಿನ್ನರಾಶಿಯಲ್ಲಿ ಎಡವಿದಳು. ಆದರೆ ಒಂದು ಲೆಕ್ಕದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಛಾನ್ ರೀತ್’ ಎಂದು ಇತ್ತು, ಚಂದದ ವಿಧಾನ. ಅವರ ಅಪ್ಪ ಆ ಕಾಗದವನ್ನು ವಾಚ್‌ಮನ್ ಕೋಣೆಯ ಗೋಡೆಗೆ, ಗಾಡಿ ನಂಬರುಗಳ ಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದಾನೆ.

ಊರು ಬಿಟ್ಟು ಬಂದು ಎರಡು ಮೂರು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುತ್ತಿರುವ ನಿಮ್ಮಲ್ಲಿ ನನ್ನದೊಂದೇ ವಿನಂತಿ. ಮಗು ಲೆಕ್ಕದ ಪುಸ್ತಕ ತಂದಾಗ ಉತ್ತರ ಸರಿಯೋ ತಪ್ಪೋ ಎಂದು ಆಮೇಲೆ ನೋಡಿ. ಮೊದಲು ‘ಹೆಂಗ ಮಾಡಿದಿ, ಹೇಳು’ ಎಂದು ಕೇಳಿ. ಕನ್ನಡದಲ್ಲೇ ಕೇಳಿ. ಮಗು ಬೇರೆ ಭಾಷೆಯಲ್ಲಿ ಉತ್ತರಿಸಿದರೂ ಅಡ್ಡಿಯಿಲ್ಲ. ಪೂರ್ತಿ ಹೇಳಿ ಮುಗಿಸುವವರೆಗೆ ರಬ್ಬರನ್ನು ಮಾತ್ರ ದೂರ ಇಡಿ.